ಉಜ್ಜಿನಿ ಸೀಮೆಯ ಶಿಲೆಗಳು ಮತ್ತು ಭೂಸವೆತ

ಉಜ್ಜಿನಿಯು ವಿಜಯನಗರ ಜಿಲ್ಲೆಯ ಕೊಟ್ಟೂರು ತಾಲ್ಲೂಕಿನ ಗ್ರಾಮ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಸದ್ಧರ್ಮ ಪೀಠದ ನೆಲೆ. ಇದರ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಪ್ರದೇಶವು ದಖನ್ ಪ್ರಸ್ಥಭೂಮಿಯ ಒಣ ಬಯಲಿಗೆ ಸೇರಿದೆ. ಬೀಳುವ ಮಳೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿದ್ದರೂ ನೆಲದ ರೂಪ ಬೇರೆ ಬೇರೆಯಾಗಿದೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅಡಿಯಲ್ಲಿರುವ ಶಿಲೆ.

ಶಿಲೆಗಳು

ಬಯಲಿನ ಬಹುಭಾಗದ ತಳಪಾಯ ನೈಸ್ ಶಿಲೆ. ದಕ್ಷಿಣ ಭಾರತದ ಈ ಶಿಲೆಯ ಹಳೆಯ ಭಾಗಗಳು 300 ಕೋಟಿ ವರ್ಷಗಳಿಗೂ ಹಿಂದಿನವು. ಪೂರ್ವದಲ್ಲಿ ಗುಡೇಕೋಟೆಯ ಕಡೆಗೆ ಗ್ರಾನೈಟ್ ಕಾಣಿಸಿಕೊಳ್ಳುತ್ತದೆ. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ಇಂದಿನ ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಗಟ್ಟಿಯಾದ ಈ ಶಿಲೆಯು ಕರ್ನಾಟಕದ ಉದ್ದಕ್ಕೂ ಉತ್ತರ-ದಕ್ಷಿಣವಾಗಿ ಪಟ್ಟಿಯಂತೆ ಹಬ್ಬಿದೆ. ಈಶಾನ್ಯದ ಸಂಡೂರಿನಲ್ಲಿ ಕಬ್ಬಿಣದ ಅದಿರಿನ ಪದರಗಳುಳ್ಳ ಶಿಸ್ಟ್ ಶಿಲೆಗಳಿವೆ.

ಬಂಡೆಗಳು ಗುಂಡಾಗುವ ಬಗೆ

ಗುಡೇಕೋಟೆಯಲ್ಲಿಯೂ ಹಂಪಿಯಲ್ಲಿಯೂ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗುಂಡುಗಳನ್ನು ಕಂಡವರು ಅವು ಎಲ್ಲಿಂದಲೋ ಉರುಳಿ ಬಂದವೆಂದು ಭಾವಿಸುವುದುಂಟು. ವಾಸ್ತವವಾಗಿ ಅವುಗಳಲ್ಲಿ ಹೆಚ್ಚಿನವು ಹುಟ್ಟಿದ ಜಾಗದಲ್ಲಿಯೇ ಇವೆ. ಗ್ರಾನೈಟ್ ತಣಿಯುವಾಗ, ಮುಂದೆ ಮೇಲಿನ ಭಾರ ಇಳಿದಾಗ, ಅದರಲ್ಲಿ ಅಡ್ಡವಾಗಿಯೂ ಉದ್ದವಾಗಿಯೂ ಬಿರುಕುಗಳು ಮೂಡುತ್ತವೆ. ಮಣ್ಣಿನೊಳಗೆ ಇಳಿದ ನೀರು ಈ ಬಿರುಕುಗಳ ಮೂಲಕ ಸಾಗಿ, ಶಿಲೆಯಲ್ಲಿನ ಫೆಲ್ಡ್‌ಸ್ಪಾರ್ ಖನಿಜವನ್ನು ಜೇಡಿಯಾಗಿ ಮಾರ್ಪಡಿಸುತ್ತದೆ. ಕರಗದ ಬೆಣಚು ಮರಳಾಗಿ ಉಳಿಯುತ್ತದೆ. ಚೌಕಾಕಾರದ ತುಂಡಿನ ಮೂಲೆಗೆ ಮೂರು ಬದಿಯಿಂದ ನೀರು ತಾಗುವುದರಿಂದ ಮೂಲೆಯೇ ಮೊದಲು ಸವೆಯುತ್ತದೆ. ಹೀಗೆ ನೆಲದೊಳಗೇ ದುಂಡಾದ ಬಂಡೆಯು ಸುತ್ತಲಿನ ಗರಸು ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಹೊರಗೆ ಕಾಣುತ್ತದೆ. ಬಿರುಕು ವಿರಳವಾಗಿದ್ದಲ್ಲಿ ಬೆಟ್ಟವೇ ಒಂದೇ ಬಂಡೆಯಾಗಿ ನಿಂತು, ಮೈಮೇಲಿನ ಪದರಗಳು ಈರುಳ್ಳಿಯ ಸಿಪ್ಪೆಯಂತೆ ಕಳಚುತ್ತವೆ. ಬಂಡೆಗಳ ನಡುವಿನ ಸಂದು-ಗವಿಗಳು ಕರಡಿಗಳಿಗೆ ಆಶ್ರಯ ನೀಡಿವೆ, ಗುಡೇಕೋಟೆಯಲ್ಲಿ ಕರಡಿಧಾಮವಿದೆ.

ಸಂಡೂರಿನ ಬೆಟ್ಟಗಳ ನೋಟ ಬೇರೆ. ಅಲ್ಲಿ ಗುಂಡುಗಳಿಲ್ಲ, ಉದ್ದನೆಯ ಏಣುಗಳಿವೆ. ಕಬ್ಬಿಣಯುಕ್ತ ಗಟ್ಟಿ ಪದರಗಳು ಸವೆಯದೆ ನಿಂತಿವೆ, ಮೆದು ಪದರಗಳು ತಗ್ಗಾಗಿವೆ. ನಾರಿಹಳ್ಳವು ಈ ಏಣುಗಳನ್ನು ಭೀಮಗಂಡಿ ಮತ್ತು ಓಬಳಗಂಡಿ ಎಂಬ ಎರಡು ಕಡೆ ಕೊರೆದು ಹರಿಯುತ್ತದೆ. ಸಣ್ಣ ಹಳ್ಳವೂ ಬೆಟ್ಟವನ್ನು ಸೀಳಬಲ್ಲದೆಂಬುದಕ್ಕೆ ವಿದ್ಯಾರ್ಥಿಗಳು ಇಷ್ಟು ಹತ್ತಿರದ ಮತ್ತೊಂದು ಉದಾಹರಣೆ ಕಾಣಲಾರರು.

ಶಿಲ್ಪದ ಮೇಲಿನ ಪ್ರಭಾವ

ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಮಾತು ಈ ಭಾಗದಲ್ಲಿ ರೂಢಿಯಲ್ಲಿದೆ. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಒಳಗಿನ ಕೆತ್ತನೆಯನ್ನು ಕುರಿತ ಮಾತಿದು. ಶಿಲೆಗೂ ಶಿಲ್ಪಕ್ಕೂ ಇರುವ ನಂಟು ಕಲ್ಯಾಣ ಚಾಳುಕ್ಯರ ಕಾಲದ ದೇವಾಲಯಗಳಲ್ಲಿ ಎದ್ದು ಕಾಣುತ್ತದೆ. ಅವರ ಶಿಲ್ಪಿಗಳು ಹೆಚ್ಚಾಗಿ ಬಳಸಿದ್ದು ಶಿಸ್ಟ್ ಪಟ್ಟಿಗಳಲ್ಲಿ ದೊರೆಯುವ ಬಳಪದ ಕಲ್ಲನ್ನು. ಉಳಿಗೆ ಸುಲಭವಾಗಿ ಒಗ್ಗುವ ಆ ಕಲ್ಲಿನಲ್ಲಿ ಸೂಕ್ಷ್ಮ ಕುಸುರಿ ಸಾಧ್ಯ. ವಿಜಯನಗರದವರು ಗಡಸಾದ ಗ್ರಾನೈಟನ್ನು ಹೇರಳವಾಗಿ ಬಳಸಿದುದರಿಂದ ಅಲ್ಲಿ ಗಾತ್ರವೇ ಪ್ರಧಾನವಾಯಿತು.

ಮಣ್ಣಿನ ಸವೆತ

ಶಿಲೆ ಸವೆದು ಮಣ್ಣಾಗಲು ಸಹಸ್ರಾರು ವರ್ಷ ಬೇಕು. ಆ ಮಣ್ಣು ಹೋಗಲು ಕೆಲವು ಬಿರುಮಳೆ ಸಾಕು. ಗ್ರಾನೈಟ್ ಮತ್ತು ನೈಸ್‌ಗಳಿಂದಾದ ಮಸಾರಿ ನೆಲದಲ್ಲಿ ಮಣ್ಣಿನ ಪದರ ತೆಳು. ಎರೆ ನೆಲ ಆಳವಾಗಿದ್ದರೂ ನೆನೆದ ಮೇಲೆ ನೀರನ್ನು ಬೇಗ ಹೀರದೆ ಹರಿಯಬಿಡುತ್ತದೆ. ಈ ಸಮಸ್ಯೆಯ ಅಧ್ಯಯನಕ್ಕಾಗಿ ಬಳ್ಳಾರಿಯಲ್ಲಿ 1954ರಲ್ಲಿ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದು ಹಾಕುವುದು, ಹಳ್ಳಗಳಿಗೆ ಕಲ್ಲಿನ ತಡೆ ಕಟ್ಟುವುದು ರೂಢಿಯ ಪರಿಹಾರಗಳು.

ಚಿಕ್ಕಹಗರಿ ಮೊದಲಾದ ಹಳ್ಳಗಳು ಈ ಭಾಗದ ಮಣ್ಣನ್ನು ತುಂಗಭದ್ರೆಗೆ ಒಯ್ಯುತ್ತವೆ. (ಹಗರಿ ಎಂದೇ ಕರೆಯುವ ವೇದಾವತಿ ಬೇರೆ ನದಿ, ಅದು ಜಲಾಶಯದ ಕೆಳಗೆ ತುಂಗಭದ್ರೆಯನ್ನು ಸೇರುತ್ತದೆ.) 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಅದು ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಹೂಳಿನ ಬಹುಪಾಲು ಮೇಲಿನ ಜಿಲ್ಲೆಗಳಿಂದ ಬಂದದ್ದಾದರೂ ಈ ಸೀಮೆಯ ಹೊಲಗಳ ಮೇಲ್ಮಣ್ಣೂ ಅದರಲ್ಲಿ ಸೇರಿದೆ.