ದೇವರಿಗೆ ದೊಡ್ಡಕ್ಷರ

ಇಂಗ್ಲಿಷಿನಲ್ಲಿ ದೇವರನ್ನು ಕುರಿತು ಬರೆಯುವಾಗ 'ಹಿ' ಎಂಬ ಸರ್ವನಾಮವನ್ನು ದೊಡ್ಡಕ್ಷರದಿಂದ ಆರಂಭಿಸದಿದ್ದರೆ ಅದು ಅಗೌರವವೇ? ಮಕ್ಕಳು ಕೇಳುವ ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿದೆ.

ಹಳೆಯ ಒಡಂಬಡಿಕೆಯ ಹೀಬ್ರೂ ಲಿಪಿಯಲ್ಲಿ, ನಮ್ಮ ಕನ್ನಡದಲ್ಲಿರುವಂತೆಯೇ, ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ನಾಲ್ಕನೆಯ ಶತಮಾನದ ಗ್ರೀಕ್ ಸಿನಾಯ್ ಹಸ್ತಪ್ರತಿಯಲ್ಲಿ ಎಲ್ಲವೂ ದೊಡ್ಡಕ್ಷರಗಳೇ; ಪ್ರಭುವಿಗೂ ಪಿಲಾತನಿಗೂ ಒಂದೇ ಅಳತೆ. ಪವಿತ್ರ ನಾಮಗಳನ್ನು ಮಾತ್ರ ಸಂಕ್ಷೇಪಿಸಿ, ಮೇಲೊಂದು ಗೆರೆ ಎಳೆದು ಲಿಪಿಕಾರರು ಭಕ್ತಿ ತೋರಿದರು.

ಎಂಟನೆಯ ಶತಮಾನದ ಕೊನೆಯಲ್ಲಿ, ಚಾರ್ಲ್‌ಮೇನ್ ಚಕ್ರವರ್ತಿಯ ಕಾಲದಲ್ಲಿ, ಮಠಗಳ ಸನ್ಯಾಸಿಗಳು ಓದಲು ಸುಲಭವಾದ ಸಣ್ಣಕ್ಷರಗಳನ್ನು ರೂಢಿಗೆ ತಂದರು. ಇಂದಿನ ಇಂಗ್ಲಿಷ್ ಸಣ್ಣಕ್ಷರಗಳ ಮೂಲ ಅದೇ. ಕಾಲಕ್ರಮೇಣ ದೊಡ್ಡಕ್ಷರವು ವಾಕ್ಯದ ಆರಂಭಕ್ಕೂ ಅಂಕಿತನಾಮಗಳಿಗೂ ಮೀಸಲಾಯಿತು.

1611ರ ಕಿಂಗ್ ಜೇಮ್ಸ್ ಬೈಬಲ್ ದೇವರ ಸರ್ವನಾಮಗಳಿಗೆ ದೊಡ್ಡಕ್ಷರದ ಮನ್ನಣೆ ನೀಡಲಿಲ್ಲ. ಆದರೆ ಯೆಹೂದ್ಯರು ಉಚ್ಚರಿಸಲಂಜುವ ನಾಲ್ಕಕ್ಷರದ ದಿವ್ಯನಾಮ ಬಂದೆಡೆ 'ಲಾರ್ಡ್' ಪದವನ್ನು ಪೂರ್ತಿಯಾಗಿ ದೊಡ್ಡಕ್ಷರಗಳಲ್ಲಿ ಮುದ್ರಿಸಿತು. ಅಲ್ಲಿ ನಮ್ಮ ಕನ್ನಡ ಬೈಬಲಿನಲ್ಲಿ 'ಸರ್ವೇಶ್ವರ' ಎಂದು ಓದುತ್ತೇವೆ. ಸರ್ವನಾಮಕ್ಕೂ ದೊಡ್ಡಕ್ಷರ ಬಳಸುವ ವಾಡಿಕೆ ವ್ಯಾಪಕವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಹೀಗೆ ಭಕ್ತಿಯ ಗುರುತು ಕಾಲಕಾಲಕ್ಕೆ ಬದಲಾಗಿದೆ; ಭಕ್ತಿ ಬದಲಾಗಿಲ್ಲ. ಇಂಗ್ಲಿಷಿನಲ್ಲಿ 'ನಾನು' ಎಂಬುದಕ್ಕೂ ದೊಡ್ಡಕ್ಷರವೇ ಇದೆ. ಆ ಒಂಟಿ ಗೀಟು ಓದುಗರ ಕಣ್ತಪ್ಪದಿರಲೆಂದು ಬಂದ ರೂಢಿಯದು, ಗರ್ವದಿಂದಲ್ಲ. ಆದರೂ ಬರೆಯುವಾಗಲೆಲ್ಲ, ಪ್ರಭುವಿನ ಮುಂದೆ ತನ್ನನ್ನು ಕುಗ್ಗಿಸಿಕೊಂಡ ಸ್ನಾನಿಕ ಯೊವಾನ್ನನನ್ನು ನೆನೆಯೋಣ. ಕಾಗದದ ಮೇಲೆ 'ನಾನು' ದೊಡ್ಡದಾಗಿರಲಿ, ಬದುಕಿನಲ್ಲಿ ಸಣ್ಣಕ್ಷರವಾಗಲಿ.