ಲಕ್ವಾ ಮತ್ತು ಮರೆವು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಪಾರ್ಶ್ವವಾಯು ಎಂದು ಹೇಳುವವರು ಕಡಿಮೆ. ‘ಲಕ್ವಾ ಹೊಡೀತು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಅರಬಿಯಿಂದ ಬಂದ ಈ ಶಬ್ದವನ್ನು ಓಣಿಯ ಲಿಂಗಾಯತ ಅಜ್ಜಿಯೂ ನಮ್ಮ ದಾದಿಮಾ ಕೂಡ ಒಂದೇ ಬಗೆಯಲ್ಲಿ ಆಡುತ್ತಿದ್ದರು. ಇಬ್ನ್ ಸೀನಾನ ವೈದ್ಯಗ್ರಂಥದಲ್ಲಿ ಲಕ್ವಾ ಎಂದರೆ ಬಾಯಿ ಸೊಟ್ಟಗಾಗುವುದು ಮಾತ್ರ. ಮೈಯ ಒಂದು ಮಗ್ಗುಲು ಬೀಳುವುದಕ್ಕೆ ಫಾಲಿಜ್ ಎಂಬ ಬೇರೆ ಹೆಸರಿತ್ತು. ನಮ್ಮ ಜನ ಎರಡನ್ನೂ ಒಂದು ಮಾಡಿಕೊಂಡರು. ಆದರೆ ಅದರ ಹಿಂದೆಯೇ ಬರುವ ಮರೆವಿಗೆ ಹೆಸರಿಡಲಿಲ್ಲ. ಅರಳು ಮರಳು ಎಂದು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾದರು.

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಲಕ್ವಾದ ದೊಡ್ಡ ಪ್ರಸಂಗವೊಂದಿದೆ. ನುಸ್ರತಿಯಂಥ ಕವಿಗೆ ಆಶ್ರಯ ಕೊಟ್ಟ, ತಾನೂ ‘ಶಾಹಿ’ ಎಂಬ ಹೆಸರಿನಲ್ಲಿ ದಖನಿ ಕಾವ್ಯ ಬರೆದ ಎರಡನೆಯ ಅಲಿ ಆದಿಲ್ ಶಾಹ ಲಕ್ವಾದಿಂದ ಹಾಸಿಗೆ ಹಿಡಿದು 1672ರ ನವೆಂಬರಿನಲ್ಲಿ ತೀರಿಕೊಂಡ. ವಯಸ್ಸಿನ್ನೂ 40 ದಾಟಿರಲಿಲ್ಲ. ಎಳೆಯ ಸಿಕಂದರನನ್ನು ತಖ್ತಿನಲ್ಲಿ ಕೂರಿಸಿ ಖವಾಸ್ ಖಾನ್ ಆಡಳಿತ ನಡೆಸಿದ. 1686ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿತು. ಅಲಿಯ ಗೋರಿ ಬಾರಾ ಕಮಾನ್ ಇಂದಿಗೂ ಅರ್ಧಕ್ಕೇ ನಿಂತಿದೆ. ಚರಿತ್ರೆಕಾರರು ರಾಜ್ಯದ ಲೆಕ್ಕ ಬರೆದಿಟ್ಟರು. ಹಾಸಿಗೆಯಲ್ಲಿದ್ದ ಕವಿಗೆ ತನ್ನ ಸಾಲುಗಳು ನೆನಪಿದ್ದವೇ ಎಂದು ಯಾರೂ ಕೇಳಲಿಲ್ಲ.

ಆ ಬಗೆಯ ಪ್ರಶ್ನೆ ಕೇಳಿದವನು ದೂರದ ಇಂಗ್ಲೆಂಡಿನಲ್ಲಿದ್ದ. ಅದೇ 1672ರಲ್ಲಿ ವೈದ್ಯ ಥಾಮಸ್ ವಿಲ್ಲಿಸ್, ಮಿದುಳಿಗೆ ಪೆಟ್ಟು ಬಿದ್ದ ರೋಗಿಗಳ ಬುದ್ಧಿ ಮಂದವಾಗಿ ನೆನಪು ಅಳಿಯುವುದನ್ನು ಬರೆದಿಟ್ಟ. 1894ರಲ್ಲಿ ಜರ್ಮನಿಯ ಬಿನ್ಸ್‌ವಾಂಗರ್ ಮತ್ತು ಅಲ್ಜೈಮರ್ ಇದನ್ನು ರಕ್ತನಾಳಗಳ ಕಾಯಿಲೆಗೆ ಜೋಡಿಸಿದರು. ಒಂದರ ಮೇಲೊಂದು ಬೀಳುವ ಪೆಟ್ಟುಗಳೇ ಮಿದುಳನ್ನು ತಿನ್ನುತ್ತವೆ ಎಂದು 1974ರಲ್ಲಿ ಹ್ಯಾಚಿನ್‌ಸ್ಕಿ ಮತ್ತು ಸಂಗಡಿಗರು ವಾದಿಸಿದರು. ಮೊದಲ ಲಕ್ವಾದ ಬಳಿಕ ಸುಮಾರು ಹತ್ತರಲ್ಲಿ ಒಬ್ಬರಿಗೆ, ಮರುಕಳಿಸಿದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಡಿಮೆನ್ಶಿಯಾ ಬರುತ್ತದೆಂದು 2009ರ ಅಧ್ಯಯನವೊಂದು ಲೆಕ್ಕ ಹಾಕಿತು. ಎರಡನೆಯ ಪೆಟ್ಟು ತಡೆಯಬೇಕಾದರೆ ಬಿ.ಪಿ., ಸಕ್ಕರೆ ಹತೋಟಿಯಲ್ಲಿರಬೇಕು, ತಂಬಾಕು ಬಿಡಬೇಕು. ನಮ್ಮಲ್ಲಿ ಕೈಕಾಲು ಆಡತೊಡಗಿದೊಡನೆ ಮಾತ್ರೆ ನಿಲ್ಲುತ್ತದೆ. ಮೊದಲ ಪೆಟ್ಟಿಗೂ ಅಷ್ಟೆ: ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದು ನಾಲ್ಕೂವರೆ ತಾಸಿನೊಳಗೆ ಬೀಳಬೇಕು, ಆ ಹೊತ್ತು ಪಾರಿವಾಳದ ರಕ್ತ ತಿಕ್ಕುವುದರಲ್ಲಿ ಕಳೆದುಹೋಗುತ್ತದೆ.

ಇನ್ನು ಹೊಲದ ವಿಷಯ. ಕರಾರು ಮಾಡುವಾಗ ಅದರ ಅರ್ಥ ತಿಳಿಯದ ಸ್ಥಿತಿಯಲ್ಲಿದ್ದವನ ಕರಾರು ನಿಲ್ಲದೆಂದು 1872ರ ಕರಾರು ಕಾಯ್ದೆ ಹೇಳುತ್ತದೆ. ಆದರೂ ಹಾಸಿಗೆಯಲ್ಲಿದ್ದವರ ಹೆಬ್ಬೆಟ್ಟು ಬಲು ಸುಲಭವಾಗಿ ಸಿಗುತ್ತದೆ.

ಸಿಂದಗಿ ಕಡೆಯ ನಮ್ಮ ಬಡೇ ಅಬ್ಬಾ ಎರಡನೆಯ ಲಕ್ವಾದ ನಂತರ ಮಗನ ಹೆಸರು ಮರೆತರು, ಬಾವಿಯ ಆಳ ಮರೆಯಲಿಲ್ಲ. ಎರಡೆಕರೆ ಹೊಲ ಯಾವಾಗಲೋ ಬೇರೆಯವರ ಪಾಲಾಗಿತ್ತು. ಜೋಳದ ಸುಗ್ಗಿ ಬಂದಾಗಲೆಲ್ಲ ಅವರು ನಮ್ಮನ್ನು ಕರೆದು ಕೇಳುತ್ತಿದ್ದರು: “ಈ ಸಲ ರಾಶಿ ಯಾವಾಗ?” ನಾವು ಪ್ರತಿ ಸಲವೂ “ಮುಂದಿನ ವಾರ” ಎನ್ನುತ್ತಿದ್ದೆವು.