ಸಿನೆಮಾ ಮಂದಿರದ ಸೂಚನಾಚಿತ್ರಗಳೂ ಆಪರೇಟರುಗಳೂ

ಚಲನಚಿತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಿರ್ಮಾಪಕರಿಂದ ಆರಂಭಿಸಿ, ನಿರ್ದೇಶಕರನ್ನೂ ನಟರನ್ನೂ ಹಾಯ್ದು, ಚಿತ್ರಗಳ ಗುಣದೋಷ ವಿವೇಚನೆಯಲ್ಲಿ ಮುಗಿಸುವುದು ರೂಢಿ. 1934ರಲ್ಲಿ ತೆರೆಗೆ ಬಂದ ‘ಸತಿ ಸುಲೋಚನ’ದಿಂದ ಮೊದಲ್ಗೊಂಡು ಕನ್ನಡ ವಾಕ್ಚಿತ್ರದ ಬೆಳವಣಿಗೆಯನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರವಣಿಗೆ ನಡೆದಿದೆ. ಆದರೆ ಚಿತ್ರ ಮೊದಲಾಗುವುದಕ್ಕೆ ಮುಂಚೆ ತೆರೆಯ ಮೇಲೆ ಮೂಡಿ ಮರೆಯಾಗುತ್ತಿದ್ದ ಸೂಚನೆಗಳನ್ನು ಯಾರೂ ಗಣನೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ. ಹೊಗೆಬತ್ತಿ ಸೇದಬಾರದು, ಸದ್ದು ಮಾಡಬಾರದು, ಮುಂದಿನ ವಾರ ಇಂಥ ಚಿತ್ರ, ಸರ್ಕಾರದ ಇಂಥ ಯೋಜನೆ ಎಂಬಿವು ಪ್ರೇಕ್ಷಕನಿಗೆ ಬೇಸರದ ವಿಷಯಗಳಾಗಿದ್ದಿರಬಹುದು. ಅವುಗಳನ್ನು ತೆರೆಗೆ ತರುತ್ತಿದ್ದ ಆಪರೇಟರನಿಗೆ ಅವು ಬೇರೆಯೇ ಅರ್ಥವನ್ನು ಕೊಡುತ್ತಿದ್ದುವು. ಆ ಅರ್ಥವೇನು, ಅದು ಕಾಲಕ್ರಮದಲ್ಲಿ ಹೇಗೆ ಬದಲಾಯಿತು ಎಂಬುದನ್ನು ರಾಯಚೂರು, ಮಾನ್ವಿ, ದೇವದುರ್ಗಗಳ ಸೀಮೆಯನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಿಸಬಹುದಾಗಿದೆ.

ಈ ಪದ್ಧತಿ ನಮ್ಮಲ್ಲಿ ಹುಟ್ಟಿದುದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಅಮೆರಿಕದ ಚಿಕ್ಕ ಸಿನೆಮಾ ಮಂದಿರಗಳಲ್ಲಿ ಹೆಂಗಸರು ತಮ್ಮ ಅಗಲವಾದ ಟೋಪಿಗಳನ್ನು ತೆಗೆದು ಕೂರಬೇಕೆಂದು ಕೋರುವ ಗಾಜಿನ ಸ್ಲೈಡುಗಳು ಬಳಕೆಗೆ ಬಂದಿದ್ದುವು. ಹಲವು ಮಂದಿರಗಳನ್ನು ಒಂದೇ ಆಡಳಿತದಲ್ಲಿ ನಡೆಸುವ ಸಂಸ್ಥೆಗಳು ಬೆಳೆದಂತೆ, ಇಂತಹ ಕೋರಿಕೆಗಳು ಸಂಸ್ಥೆಯ ಹೆಸರನ್ನೂ ಮುದ್ರೆಯನ್ನೂ ಹೊತ್ತ ಕಿರುಚಿತ್ರಗಳಾದುವು. ಅವನ್ನು ಆ ದೇಶದಲ್ಲಿ ‘ಪಾಲಿಸಿ ಟ್ರೇಲರು’ಗಳೆಂದು ಕರೆಯುವುದುಂಟು. ಭಾರತದಲ್ಲಿ ಮೂಕಚಿತ್ರಗಳ ಕಾಲದ ಮದನ್ ಕಂಪನಿಯ ದೊಡ್ಡ ಸರಪಳಿ 1930ರ ದಶಕದ ಆರಂಭದಲ್ಲಿ ಮುರಿದು ಬಿದ್ದ ತರುವಾಯ, ತಾಲ್ಲೂಕು ಪಟ್ಟಣಗಳಲ್ಲಿ ಮಂದಿರಕ್ಕೊಬ್ಬ ಒಡೆಯನೆಂಬುದೇ ನಿಯಮವಾಯಿತು. ಆದುದರಿಂದ ನಮ್ಮ ಕಡೆ ತೆರೆಯ ಮೇಲಿನ ಸೂಚನೆ ಕಂಪನಿಯ ನೀತಿಯಾಗಿ ಬಾರದೆ ಸರ್ಕಾರದ ಪರವಾನಿಗೆಯ ಷರತ್ತಾಗಿ ಬಂದಿತು. ಈ ಭೇದ ಮುಖ್ಯವಾದುದು. ಕಂಪನಿಯ ಸೂಚನೆ ತಪ್ಪಿದರೆ ಮ್ಯಾನೇಜರನ ಕೋಪ. ಪರವಾನಿಗೆಯ ಸೂಚನೆ ತಪ್ಪಿದರೆ ಮಂದಿರದ ಬಾಗಿಲಿಗೆ ಬೀಗ.

ಮಾನ್ವಿ ಮತ್ತು ದೇವದುರ್ಗಗಳು ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿನ ಪಟ್ಟಣಗಳು. 1948ರ ಸೆಪ್ಟೆಂಬರಿನವರೆಗೆ ಈ ನಾಡು ನಿಜಾಮನ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ತುಂಗಭದ್ರೆಯನ್ನು ದಾಟಿದರೆ ಬಳ್ಳಾರಿ ಜಿಲ್ಲೆ. ಅದು 1953ರವರೆಗೂ ಮದ್ರಾಸು ಪ್ರಾಂತದ್ದು. 1918ರ ಸಿನೆಮಟೋಗ್ರಾಫ್ ಕಾಯಿದೆಯಾಗಲಿ, ಪ್ರತಿಯೊಂದು ಆಟದಲ್ಲಿಯೂ ಸರ್ಕಾರ ಒಪ್ಪಿದ ಚಿತ್ರಗಳನ್ನು 2,000 ಅಡಿಗಳವರೆಗೆ ತೋರಿಸಬೇಕೆಂದು ಭಾರತ ರಕ್ಷಣಾ ನಿಯಮಗಳನ್ವಯ 1943ರಲ್ಲಿ ಹೊರಟ ಆಜ್ಞೆಯಾಗಲಿ ಬ್ರಿಟಿಷ್ ಇಂಡಿಯಾಕ್ಕೆ ಸಂಬಂಧಿಸಿದುವು. ಹೀಗೆ ನದಿಯ ಆಚೆಗೊಂದು ಕಾನೂನು, ಈಚೆಗೊಂದು ಕಾನೂನು. ಆದರೆ ಚಿತ್ರದ ಪೆಟ್ಟಿಗೆಗಳಿಗೆ ಈ ಗಡಿಯಿರಲಿಲ್ಲ. 1871ರಲ್ಲಿ ಮುಂಬಯಿಯ ಕಡೆಯ ರೈಲುದಾರಿಯೂ ಮದರಾಸಿನ ಕಡೆಯ ರೈಲುದಾರಿಯೂ ರಾಯಚೂರಿನಲ್ಲಿಯೇ ಕೂಡಿಕೊಂಡಿದ್ದುವು. ರೈಲಿನಲ್ಲಿ ಇಳಿದ ಪೆಟ್ಟಿಗೆ ಸುಮಾರು 45 ಕಿಲೋಮೀಟರು ರಸ್ತೆಯಲ್ಲಿ ಸಾಗಿ ಮಾನ್ವಿಯನ್ನು ಸೇರಬೇಕಾಗಿದ್ದಿತು.

ಡೇರೆ ಸಿನೆಮಾದ ಕಾಲದಲ್ಲಿ ಸೂಚನೆಯ ಸ್ಥಾನವೇನೆಂಬುದನ್ನು ತಿಳಿಯಬೇಕಾದರೆ ಯಂತ್ರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ದೊಡ್ಡ ಊರಿನ ಕಟ್ಟಡ ಮಂದಿರದಲ್ಲಿ ಎರಡು ಪ್ರೊಜೆಕ್ಟರುಗಳಿರುತ್ತಿದ್ದುವು. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ಓಡುತ್ತಿದ್ದಿತು. ಡೇರೆಯಲ್ಲಿ ಬಹುಮಟ್ಟಿಗೆ ಒಂದೇ ಯಂತ್ರ. ವಾಕ್ಚಿತ್ರದ ಸುರುಳಿ ಸೆಕೆಂಡಿಗೆ 24 ಚಿತ್ರಗಳಂತೆ, ಅಂದರೆ ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. 16,000 ಅಡಿಯ ಚಿತ್ರವನ್ನು 2,000 ಅಡಿಯ ಸುರುಳಿಗಳಾಗಿ ತೋರಿಸಿದರೆ ನಡುವೆ ಏಳು ಸಲ ನಿಲ್ಲಿಸಲೇಬೇಕು. ಹೆಚ್ಚು ಅಡಿ ಹಿಡಿಯುವ ಸ್ಪೂಲಿದ್ದರೆ ಆ ಸಂಖ್ಯೆ ಇಳಿಯುವುದು, ಇಲ್ಲವಾಗುವುದಿಲ್ಲ. ಪ್ರತಿಯೊಂದು ನಿಲುಗಡೆಯಲ್ಲಿಯೂ ಆಪರೇಟರು ಮುಗಿದ ಸುರುಳಿಯನ್ನು ತೆಗೆದು, ಹೊಸದನ್ನು ಹಲ್ಲುಗಾಲಿಗಳ ಮೇಲೆ ಏರಿಸಿ, ಕುಣಿಕೆ ಸಡಿಲವಾಗಿದೆಯೇ ಬಿಗಿಯಾಗಿದೆಯೇ ಎಂದು ಬೆರಳಿನಿಂದ ನೋಡಿ, ಉರಿದು ಗಿಡ್ಡಾದ ಕಾರ್ಬನ್ ಕಡ್ಡಿಯನ್ನು ಬದಲಿಸಬೇಕು. ಅಷ್ಟರಲ್ಲಿ ಕತ್ತಲಲ್ಲಿ ಕುಳಿತ ಜನ ಸಿಳ್ಳು ಹಾಕಲು ತೊಡಗುವರು. ಆಗ ಅವನ ಕೈಗೆ ಒದಗುತ್ತಿದ್ದುದು ಸ್ಲೈಡು. ಮಸಿ ಹಿಡಿಸಿದ ಗಾಜಿನ ಮೇಲೆ ಮೊಳೆಯಿಂದ ಗೀಚಿದ ನಾಲ್ಕು ಅಕ್ಷರ ತೆರೆಯ ಮೇಲೆ ಬೆಳ್ಳಗೆ ಮೂಡಿದರೆ ಗದ್ದಲ ಅಷ್ಟರಮಟ್ಟಿಗೆ ತಗ್ಗುತ್ತಿದ್ದಿತು. ಒಡೆಯನಿಗೆ ಅದು ಜಾಹೀರಾತಿನ ಹಣ, ಅಧಿಕಾರಿಗೆ ಷರತ್ತಿನ ಪಾಲನೆ, ಆಪರೇಟರನಿಗೆ ಎರಡು ನಿಮಿಷದ ಅವಕಾಶ. ಸೂಚನೆಯ ಒಕ್ಕಣೆ ಏನಿದ್ದಿತೆಂಬುದು ಅವನಿಗೆ ಗೌಣ. ಅದು ಎಷ್ಟು ಹೊತ್ತು ನಿಲ್ಲಬಲ್ಲದು ಎಂಬುದೇ ಪ್ರಧಾನ.

ಓದುವವರಾದರೂ ಎಷ್ಟು ಜನ? 1951ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಕ್ಷರಸ್ಥರು ನೂರಕ್ಕೆ 18ರಷ್ಟು; ಹೈದರಾಬಾದು ರಾಜ್ಯದಲ್ಲಿ ಅದಕ್ಕಿಂತಲೂ ಕಡಿಮೆ. ಮೇಲಾಗಿ ಈ ಸೀಮೆಯದು ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಸಭೆ. ಒಂದು ಲಿಪಿಯಲ್ಲಿ ಬರೆದ ಸ್ಲೈಡು ಉಳಿದೆರಡು ಗುಂಪಿಗೆ ಬರಿಯ ಬೆಳಕು. ಆದುದರಿಂದ ಬರೆಹಕ್ಕಿಂತ ಧ್ವನಿಯೇ ನಿಜವಾದ ಸೂಚನೆಯಾಗಿದ್ದಿತೆನ್ನಬೇಕು. ಆಟಕ್ಕೆ ಮುಂಚೆ ಡೇರೆಯ ಮೇಲಿನ ಧ್ವನಿವರ್ಧಕದಲ್ಲಿ ಘಂಟಸಾಲ ಅವರ ವೆಂಕಟೇಶಸ್ತುತಿಯ ತಟ್ಟೆಯನ್ನು ಹಾಕುವುದು ಕರ್ನಾಟಕದ ಅನೇಕ ಕಡೆ ವಾಡಿಕೆಯಾಗಿ, ಹೊಲದಿಂದ ಬರುವವರು ಅದನ್ನು ಕೇಳಿಯೇ ಕಾಲು ಬೀಸಿ ನಡೆಯುತ್ತಿದ್ದರು. ಆ ತಟ್ಟೆ ತಿರುಗುತ್ತಿದ್ದುದೂ ಯಂತ್ರದ ಕೋಣೆಯಲ್ಲಿಯೇ. ಜಗನ್ನಾಥದಾಸರು ನೆಲೆಸಿದ ಊರಾದ ಮಾನ್ವಿಯಲ್ಲಿ, ಭಜನೆಯ ಧ್ವನಿಯಿಂದ ಹೊತ್ತನ್ನರಿಯುವುದು ಜನರಿಗೆ ಹೊಸತೇನೂ ಆಗಿರಲಾರದು.

ಸ್ವಾತಂತ್ರ್ಯದ ಅನಂತರ ಈ ಚಿತ್ರ ಬದಲಾಯಿತು. 1943ರ ಆಜ್ಞೆ ಯುದ್ಧದೊಡನೆ ಬಂದು 1946ರಲ್ಲಿ ತೀರಿತ್ತಷ್ಟೆ. 1948ರಲ್ಲಿ ಫಿಲಂಸ್ ಡಿವಿಜನ್ ಸ್ಥಾಪಿತವಾಗಿ, ವಾರ್ತಾಚಿತ್ರ ಸಾಕ್ಷ್ಯಚಿತ್ರಗಳ ಪ್ರದರ್ಶನ ಪರವಾನಿಗೆಯ ಷರತ್ತಾಗಿ ಮರಳಿ ಕಡ್ಡಾಯವಾಯಿತು. 1952ರ ಕಾಯಿದೆ ಅದಕ್ಕೆ ಭದ್ರವಾದ ತಳಹದಿಯನ್ನೊದಗಿಸಿತು. ಮೈಸೂರು ರಾಜ್ಯದಲ್ಲಿ, ಕೂಡಿಬಂದ ಪ್ರಾಂತಗಳ ಬೇರೆ ಬೇರೆ ನಿಯಮಗಳಿಗೆ ಬದಲಾಗಿ 1964ರಲ್ಲಿ ಒಂದೇ ಸಿನೆಮಾ ನಿಯಂತ್ರಣ ಕಾಯಿದೆ ಬಂದಿತು. ನದಿಯ ಈಚೆ ಆಚೆಗಳ ಭೇದ ಹೀಗೆ ಅಳಿಯಿತು.

ಎರಡು ಸಾವಿರ ಅಡಿಯೆಂದರೆ ಸುಮಾರು 22 ನಿಮಿಷ. ಒಡೆಯರು ಇದಕ್ಕೆ ನಿವ್ವಳ ಗಳಿಕೆಯ ನೂರಕ್ಕೆ ಒಂದರಂತೆ ಬಾಡಿಗೆಯನ್ನೂ ತೆರಬೇಕಾಗಿದ್ದುದು ಅವರಿಗೆ ಸಹಿಸಲಾಗದ ವಿಷಯವಾಗಿದ್ದು, ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನ್ಯಾಯಾಲಯ 1999ರಲ್ಲಿ ಸರ್ಕಾರದ ಪಕ್ಷವನ್ನೇ ಎತ್ತಿಹಿಡಿಯಿತು. ತೆರೆಯೊಡೆಯನ ಬಾಯಲ್ಲಿ ಬಲಾತ್ಕಾರವಾಗಿ ಮಾತು ಹೊರಡಿಸುವುದು ವಾಕ್‌ಸ್ವಾತಂತ್ರ್ಯಕ್ಕೆ ಹೊಂದುವುದೇ ಎಂಬ ಪ್ರಶ್ನೆ ಅಲ್ಲಿ ಚರ್ಚಿತವಾಯಿತು. ಆದರೆ ಯಂತ್ರದ ಕೋಣೆಯ ದೃಷ್ಟಿಯೇ ಬೇರೆ. ಕಾರ್ಬನ್ ದೀಪ ಹತ್ತಿದ ಕೂಡಲೆ ಸ್ಥಿರವಾಗುವುದಿಲ್ಲ. ಕಡ್ಡಿಗಳ ಅಂತರವನ್ನು ಹೊಂದಿಸಿ, ಬೆಳಕನ್ನು ತೆರೆಯ ನಡುವಿಗೆ ತಂದು, ಸ್ಪಷ್ಟತೆಯನ್ನೂ ಧ್ವನಿಯನ್ನೂ ಸಭೆಯ ತುಂಬುವಿಕೆಗೆ ತಕ್ಕಂತೆ ಏರಿಳಿಸಬೇಕು. ಇವೆಲ್ಲವನ್ನೂ ಜನ ಹಣ ಕೊಟ್ಟು ನೋಡಬಂದ ಚಿತ್ರದ ಮೇಲೆ ಮಾಡುವುದಕ್ಕಿಂತ, ಯಾರೂ ನೋಡದ ವಾರ್ತಾಚಿತ್ರದ ಮೇಲೆ ಮಾಡುವುದು ಕ್ಷೇಮ. ವಾರ್ತೆಯೆಂಬ ಹೆಸರು ಮಾತ್ರ. ಒಂದೇ ಪ್ರತಿ ನಗರದ ಮಂದಿರಗಳನ್ನೆಲ್ಲ ಸುತ್ತಿ ತಾಲ್ಲೂಕಿಗೆ ಬರುವಾಗ ಅದು ಹಳತಾಗಿ, ಗೀರು ಬಿದ್ದು, ಅಂಟುಗಳಿಂದ ಕೂಡಿರುತ್ತಿದ್ದಿತು. ಅಂಟು ಬಿಚ್ಚಿ ತುಂಡಾದರೆ ಬೈಗುಳು ಬೀಳುತ್ತಿದ್ದುದು ದಿಲ್ಲಿಯ ಇಲಾಖೆಗಲ್ಲ, ಆಪರೇಟರನಿಗೆ. ಹೀಗೆ ಅದೇ ಸುರುಳಿ ಅವನಿಗೆ ಅನುಕೂಲವೂ ಹೌದು, ಕಂಟಕವೂ ಹೌದು. ಸರ್ಕಾರದ ಪ್ರಚಾರದ ಬಗೆಗಿನ ಅಭಿಪ್ರಾಯವನ್ನು ಅವನಲ್ಲಿ ಹುಡುಕುವುದು ವ್ಯರ್ಥವೆಂದು ನನಗೆ ತೋರುತ್ತದೆ. ಅವನ ಒಲವು ತಿರಸ್ಕಾರಗಳೆರಡೂ ಸುರುಳಿಯ ಸ್ಥಿತಿಯನ್ನು ಅನುಸರಿಸಿದ್ದುವು.

ಹೊಗೆಬತ್ತಿಯ ಸೂಚನೆಯ ಮಾತು ಬೇರೆ. ಹಳೆಯ ನೈಟ್ರೇಟ್ ಫಿಲಂ ಕಿಡಿ ತಾಗಿದರೆ ಸಿಡಿದು ಉರಿಯುವ ವಸ್ತು. 1950ರ ಸುಮಾರಿಗೆ ಸುರಕ್ಷಿತ ಫಿಲಂ ಬಂದು ಕ್ರಮೇಣ ಅದರ ಸ್ಥಾನವನ್ನು ಆಕ್ರಮಿಸಿತು. ಸಿನೆಮಾ ನಿಯಮಗಳಲ್ಲಿ ಯಂತ್ರದ ಕೋಣೆಗೆ ಬೆಂಕಿ ತಡೆಯುವ ಗೋಡೆ, ಮರಳಿನ ಬಕೀಟು, ನೀರು, ಒದ್ದೆಯ ಕಂಬಳಿ ಇವನ್ನು ವಿಧಿಸಿದ್ದುದು ಈ ಭಯದಿಂದಲೇ. ಮೊದಲು ಸುಡುವವನು ತಾನೆಂದು ಆಪರೇಟರು ಬಲ್ಲವನಾದುದರಿಂದ ಈ ಒಂದು ಸೂಚನೆಯನ್ನು ಅವನು ಹಗುರವಾಗಿ ಕಂಡಿರಲಾರನು. ಡೇರೆಯ ಗರಿ, ತಟ್ಟಿ, ಬಟ್ಟೆಗಳಂತೂ ಬೀಡಿಯ ಒಂದು ತುಣುಕಿಗೆ ಸಾಕು. 1979ರ ಜುಲೈಯಲ್ಲಿ ತಮಿಳುನಾಡಿನ ತೂತ್ತುಕುಡಿಯ ಒಂದು ಟೂರಿಂಗ್ ಟಾಕೀಸು ಹೊತ್ತಿ ಉರಿದು ನೂರಕ್ಕೂ ಹೆಚ್ಚು ಜನ ಸತ್ತರು. ಕಟ್ಟಡ ಮಂದಿರವೂ ಇದರಿಂದ ಹೊರತಲ್ಲ. 1997ರ ಜೂನ್ 13ರಂದು ದಿಲ್ಲಿಯ ಉಪಹಾರ್ ಮಂದಿರದಲ್ಲಿ 59 ಜನ ಹೊಗೆಯಿಂದ ಉಸಿರುಗಟ್ಟಿ ಮಡಿದರು. ಅಲ್ಲಿ ಪ್ರೇಕ್ಷಕರಿಗೆ ಧ್ವನಿವರ್ಧಕದಿಂದ ಎಚ್ಚರಿಕೆ ಹೋಗಲಿಲ್ಲವೆಂಬುದೂ, ಹೊರಹೋಗುವ ದಾರಿಗಳು ಮುಚ್ಚಿದ್ದುವೆಂಬುದೂ ನ್ಯಾಯಾಲಯಗಳಲ್ಲಿ ಸಿದ್ಧವಾದ ಸಂಗತಿಗಳು. ನೂರಾರು ಆಟಗಳಲ್ಲಿ ವ್ಯರ್ಥವಾಗಿ ತೋರಿದ ಸೂಚನೆ, ಬೇಕಾದ ಒಂದು ಗಳಿಗೆಯಲ್ಲಿ ಬಾರದೆ ಹೋಯಿತು.

ಈ ಶತಮಾನದ ಮೊದಲ ದಶಕದ ನಡುವಿನಿಂದ ಚಿತ್ರಗಳು ಉಪಗ್ರಹದ ಮೂಲಕವಾಗಲಿ, ಗಣಕದ ಪೆಟ್ಟಿಗೆಯಲ್ಲಾಗಲಿ ಬರತೊಡಗಿದುವು. ಸುರುಳಿಯೂ ಹೋಯಿತು, ಕಾರ್ಬನ್ನೂ ಹೋಯಿತು. ಯಂತ್ರಕ್ಕೆ ಈಗ ನಿಲುಗಡೆಯ ಅಗತ್ಯವಿಲ್ಲ. ಆದರೆ ಸೂಚನೆಗಳು ಕಡಮೆಯಾಗಲಿಲ್ಲ. 2012ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ತಂಬಾಕಿನ ದೃಶ್ಯವುಳ್ಳ ಚಿತ್ರದ ಆರಂಭದಲ್ಲಿಯೂ ಮಧ್ಯದಲ್ಲಿಯೂ ಕನಿಷ್ಠ 30 ಸೆಕೆಂಡುಗಳ ಎಚ್ಚರಿಕೆಯ ಚಿತ್ರ ಇರಲೇಬೇಕು. ದೃಶ್ಯ ನಡೆಯುವಾಗ ತೆರೆಯ ಅಡಿಯಲ್ಲಿ ಬರೆಹವೂ ಇರಬೇಕು. ಹಿಂದೆ ಮಂದಿರದಲ್ಲಿ ಸೇದಬೇಡವೆಂದು ಹೇಳುತ್ತಿದ್ದ ತೆರೆ, ಈಗ ಬಾಳಿನಲ್ಲಿಯೇ ಸೇದಬೇಡವೆನ್ನುತ್ತದೆ. ಅದು ಚಿತ್ರದೊಡನೆಯೇ ಬೆಸೆದು ಬರುವುದರಿಂದ ಆಪರೇಟರು ಅದನ್ನು ಹಿಂದುಮುಂದು ಮಾಡುವಂತಿಲ್ಲ, ಕೈಬಿಡುವಂತಿಲ್ಲ. ಅದರಿಂದ ಅವನಿಗೊಂದು ಗಳಿಗೆಯ ಬಿಡುವೂ ದೊರೆಯುವುದಿಲ್ಲ. ಭಾರವೂ ಇಳಿಯಿತು, ಅಧಿಕಾರವೂ ಇಳಿಯಿತು. ಫಿಲಂಸ್ ಡಿವಿಜನ್ ತಾನೇ 2022ರ ಆದೇಶದಿಂದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಯಿತು.

ಅವನ ಕೈಯಲ್ಲಿ ಮತ್ತೆ ನಿಜವಾದ ಹೊಣೆ ಬಿದ್ದುದು ರಾಷ್ಟ್ರಗೀತೆಯ ಪ್ರಸಂಗದಲ್ಲಿ. 1962ರ ಯುದ್ಧದ ಅನಂತರ ಚಿತ್ರದ ಕೊನೆಯಲ್ಲಿ ಅದನ್ನು ತೋರಿಸುವ ರೂಢಿ ಬಂದು, ಜನ ನಿಲ್ಲದೆ ಹೊರನಡೆಯುವುದರಿಂದ ಕ್ರಮೇಣ ಬಿಟ್ಟುಹೋಗಿದ್ದಿತು. 2016ರ ನವೆಂಬರ್ 30ರಂದು ಸರ್ವೋಚ್ಚ ನ್ಯಾಯಾಲಯ ಚಿತ್ರದ ಆರಂಭದಲ್ಲಿ ರಾಷ್ಟ್ರಗೀತೆಯನ್ನು ಕಡ್ಡಾಯಪಡಿಸಿ, ಆ ಹೊತ್ತಿನಲ್ಲಿ ಬಾಗಿಲುಗಳು ಮುಚ್ಚಿರಬೇಕೆಂದಿತು. ಉಪಹಾರದ ನೆನಪಿದ್ದವರಿಗೆ ಈ ಮಾತು ಕಿವಿಗೆ ತಾಗದೆ ಇರಲಿಲ್ಲ. ಡಿಸೆಂಬರ್ 9ರಂದು ಅದೇ ನ್ಯಾಯಾಲಯ, ಮುಚ್ಚುವುದೆಂದರೆ ಅಗುಳಿ ಹಾಕುವುದಲ್ಲವೆಂದು ಸ್ಪಷ್ಟಪಡಿಸಿತು. 2018ರ ಜನವರಿ 9ರಂದು ಕಡ್ಡಾಯವನ್ನೇ ತೆಗೆದುಹಾಕಿತು.

ಅತ್ತ ಅಮೆರಿಕದ ಮಾದರಿಯ ಸರಪಳಿ ಮಂದಿರಗಳು ನಮ್ಮ ನಗರಗಳಲ್ಲಿ ನೆಲೆಗೊಂಡು, ಸಂಸ್ಥೆಯ ಮುದ್ರೆಯುಳ್ಳ ಸೂಚನಾಚಿತ್ರಗಳೂ ಜಾಹೀರಾತುಗಳೂ ಸರ್ಕಾರದ ಸಂದೇಶಗಳೊಡನೆ ಒಂದೇ ಸಾಲಿನಲ್ಲಿ ಓಡತೊಡಗಿವೆ. ಯಾವುದು ಕಡ್ಡಾಯ, ಯಾವುದು ವ್ಯಾಪಾರ ಎಂದು ಪ್ರೇಕ್ಷಕನಿಗೆ ಬೇರ್ಪಡಿಸಿ ಹೇಳುವವರಿಲ್ಲ. ಬೆಂಗಳೂರಿನ ಗ್ರಾಹಕ ಆಯೋಗವೊಂದು 2025ರ ಫೆಬ್ರುವರಿಯಲ್ಲಿ ಪಿ.ವಿ.ಆರ್. ಐನಾಕ್ಸ್ ಸಂಸ್ಥೆಯ ವಿರುದ್ಧ ಕೊಟ್ಟ ತೀರ್ಪಿನ ಮೂಲ ಇದೇ. 4 ಗಂಟೆ 5 ನಿಮಿಷಕ್ಕೆಂದು ಟಿಕೀಟಿನಲ್ಲಿದ್ದ ಆಟ ನಾಲ್ಕೂವರೆಗೆ ಮೊದಲಾಯಿತೆಂಬುದು ದೂರು. ಸಾರ್ವಜನಿಕ ಸಂದೇಶಗಳನ್ನು ತೋರಿಸುವುದು ಕಾನೂನಿನ ವಿಧಿಯೆಂಬುದು ಸಂಸ್ಥೆಯ ಸಮಾಧಾನಗಳಲ್ಲೊಂದು. ಮಾರ್ಚಿಯಲ್ಲಿ ಉಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ವಿವಾದಕ್ಕೆ ಬಂದ ಕಾಲ 25 ನಿಮಿಷ. 1943ರಲ್ಲಿ ವಿಧಿಸಿದ ಎರಡು ಸಾವಿರ ಅಡಿಗಿಂತ ಇದು ಸುಮಾರು ಮೂರು ನಿಮಿಷ ಹೆಚ್ಚು.